ನೆಟ್ ಇಲ್ಲದಿದ್ದರೂ ಲೈಟ್ ಹತ್ತಬೇಕು: ಸ್ಮಾರ್ಟ್ ಸ್ವಿಚ್ ಯಾವುದು ಹಾಕಿಸೋದು?

ಹೊಸಮನೆ_ವಿದ್ಯಾನಗರ: ದಾವಣಗೆರೆ ವಿದ್ಯಾನಗರದಲ್ಲಿ ಮನೆ ಕಟ್ಟಿಸ್ತಿದೀವಿ. ಗೋಡೆಗೆ ಪೈಪ್ ಕೂರಿಸಿ ಆಗಿದೆ, ಇನ್ನು ವೈರ್ ಎಳೀಬೇಕು. ಎಲೆಕ್ಟ್ರಿಷಿಯನ್ ಒಂದೇ ಕಂಪನಿಯ ಟಚ್ ಪ್ಯಾನೆಲ್ ಹಾಕಿಸಿ ಅಂತಾರೆ, ಅದು ಅವರ ಆ್ಯಪ್‌ನಲ್ಲೇ ನಡೆಯೋದು. ಬೆಸ್ಕಾಂ ಕರೆಂಟು ಹೋಗಿ ಬಂದರೆ, ನೆಟ್ ನಿಂತರೆ, ಕಂಪನಿಯೇ ಮುಚ್ಚಿದರೆ ಏನು ಗತಿ? ಲೈಟು, ಫ್ಯಾನು, 2000 ವ್ಯಾಟ್ ಗೀಸರ್, 1 ಎಚ್‌ಪಿ ಸಂಪ್ ಮೋಟಾರ್ ಇಷ್ಟು ಸಾಕು. ಮನೇಲಿ ಹಿರಿಯರಿದ್ದಾರೆ, ಫೋನ್ ಮುಟ್ಟಲ್ಲ.

ತಂತಿ_ಮನುಷ್ಯ: ಟಚ್ ಪ್ಯಾನೆಲ್ ಬೇಡ ಸರ್. ಮಾಮೂಲಿ ಮಾಡ್ಯುಲರ್ ಸ್ವಿಚ್ಚೇ ಇರಲಿ, ಅದರ ಹಿಂದೆ ರಿಲೇ ಮಾಡ್ಯೂಲ್ (ಫೋನಿಂದಲೂ ಲೈಟ್ ಆನ್ ಆಫ್ ಮಾಡೋ ಸಣ್ಣ ಡಬ್ಬಿ) ಕೂರಿಸಿ. ಸ್ವಿಚ್ಚಿನ ಎರಡು ವೈರ್ ಮಾಡ್ಯೂಲಿನ ಎಸ್1, ಎಸ್2 ಅಂತ ಬರೆದಿರೋ ಟರ್ಮಿನಲ್‌ಗೆ ಹೋಗುತ್ತೆ. ಆ್ಯಪ್ ಸತ್ತರೂ ಕೈಯಿಂದ ಒತ್ತಿದರೆ ಲೈಟ್ ಹತ್ತುತ್ತೆ. ಮುಂದೆ ಮಾಡ್ಯೂಲ್ ಕೆಟ್ಟರೆ ಬೇರೆ ಕಂಪನಿದು ಹಾಕಬಹುದು, ಗೋಡೆ ಒಡೆಯೋ ಕೆಲಸವಿಲ್ಲ.

ವೈರ್ ಎಳೆಯೋ ಮುಂಚೆ ಒಂದು ಮಾತು ಗಟ್ಟಿ ಮಾಡ್ಕೊಳ್ಳಿ: ಪ್ರತಿ ಸ್ವಿಚ್ ಬಾಕ್ಸಿಗೂ ನ್ಯೂಟ್ರಲ್ ಬರಬೇಕು. ಬಹಳ ಮನೆಗಳಲ್ಲಿ ನ್ಯೂಟ್ರಲ್ ನೇರ ಲೈಟಿಗೆ ಹೋಗಿರುತ್ತೆ. ನ್ಯೂಟ್ರಲ್ ಇಲ್ಲದೆ ನಡೆಯೋ ಮಾಡ್ಯೂಲ್ ಲೈಟಿನ ಮೂಲಕವೇ ಸ್ವಲ್ಪ ಕರೆಂಟು ಎಳೆಯುತ್ತೆ, ಅದಕ್ಕೇ ಸಣ್ಣ ಎಲ್‌ಇಡಿ ಆಫ್ ಮಾಡಿದರೂ ಮಿಣುಕುತ್ತೆ. ಬಾಕ್ಸ್ ಆಳವಾದದ್ದೇ ತಗೊಳ್ಳಿ.

ಕಂಪನಿ ಮುಚ್ಚೋ ಭಯ ಸುಳ್ಳಲ್ಲ. ಸ್ಮಾರ್ಟ್ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುತ್ತಿದ್ದ ರಿವಾಲ್ವ್ ಹಬ್ 2016ರಲ್ಲಿ ನಿಂತುಹೋಯ್ತು. 2022ರ ಏಪ್ರಿಲ್‌ನಲ್ಲಿ ಸ್ಮಾರ್ಟ್ ಸ್ವಿಚ್ ಕಂಪನಿ ಇನ್‌ಸ್ಟಿಯಾನ್‌ನ ಸರ್ವರ್‌ಗಳು ಹೇಳದೆ ಕೇಳದೆ ಬಂದಾದವು.

ಲೋಡ್_ಲೆಕ್ಕ: ಗೀಸರ್ 2000 ವ್ಯಾಟ್ ಅಂದ್ರೆ 230 ವೋಲ್ಟಿಗೆ ಸುಮಾರು 8.7 ಆಂಪ್. 10 ಆಂಪ್ ರಿಲೇ ದಿನಾ ಬಿಸಿಯಾಗಿ ಕಾಂಟ್ಯಾಕ್ಟ್ ಸುಟ್ಟುಕೊಳ್ಳಬಹುದು, 16 ಆಂಪಿನದೇ ಹಾಕಿ. ಮೋಟಾರಿಗಂತೂ ಮಾಡ್ಯೂಲ್ ನೇರ ಕೊಡಲೇಬೇಡಿ. ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ, ರಿಲೇ ಅಂಟಿಕೊಂಡರೆ ಮೋಟಾರ್ ನಿಲ್ಲೋದೇ ಇಲ್ಲ. ಮಾಡ್ಯೂಲ್ ಬರೀ ಕಾಂಟ್ಯಾಕ್ಟರಿನ (ದೊಡ್ಡ ಲೋಡಿಗೆ ಮಾಡಿದ ಗಟ್ಟಿ ರಿಲೇ) ಕಾಯಿಲಿಗೆ ಕರೆಂಟು ಕೊಡಲಿ, ಮೋಟಾರ್ ಲೋಡ್ ಕಾಂಟ್ಯಾಕ್ಟರ್ ಹೊರಲಿ. ಕರೆಂಟು ಮಿತಿ ಮೀರಿದರೆ ಮೋಟಾರ್ ನಿಲ್ಲಿಸೋ ಓವರ್‌ಲೋಡ್ ರಿಲೇ, ನೀರಿನ ಮಟ್ಟ ನೋಡೋ ಸಂಪ್ ಫ್ಲೋಟ್ ಸ್ವಿಚ್ ಎರಡನ್ನೂ ತಂತಿಯಿಂದಲೇ ಜೋಡಿಸಿರಬೇಕು, ಆ್ಯಪ್ ನಂಬಬಾರದು.

ಇನ್ನೊಂದು, ಸೆಟ್ಟಿಂಗಿನಲ್ಲಿ ಕರೆಂಟು ಬಂದಾಗಿನ ಸ್ಥಿತಿ ಅಂತ ಇರುತ್ತೆ. ಗೀಸರ್, ಮೋಟಾರಿಗೆ ಅದು ಆಫ್ ಇರಲಿ. ಇಲ್ಲದಿದ್ರೆ ರಾತ್ರಿ ಕರೆಂಟು ಬಂದಾಗ ತಾವೇ ಶುರುವಾಗ್ತವೆ.

ಹೊಸಮನೆ_ವಿದ್ಯಾನಗರ: ತುಂಬಾ ಉಪಕಾರ ಆಯ್ತು. ವೈ-ಫೈ ಮಾಡ್ಯೂಲಾ, ಇಲ್ಲಾ ಜಿಗ್‌ಬೀ ಅನ್ನೋ ಬೇರೆ ರೇಡಿಯೋ ಸಂಪರ್ಕದ್ದಾ?

ಲೋಕಲ್_ಹಬ್: ನಾಲ್ಕೈದು ಪಾಯಿಂಟಿಗೆ ವೈ-ಫೈ ಸಾಕು. ಇಡೀ ಮನೆಗಾದರೆ ಜಿಗ್‌ಬೀ ತಗೊಂಡು ಹೋಮ್ ಅಸಿಸ್ಟೆಂಟ್ (ಮನೆಯಲ್ಲೇ ಹಬ್ ಆಗಿ ಇಡೋ ಸಣ್ಣ ಕಂಪ್ಯೂಟರಿನಲ್ಲಿ ಓಡೋ ಸಾಫ್ಟ್‌ವೇರ್) ಜೊತೆ ಜಿಗ್‌ಬೀ ಸಂದೇಶ ಹಿಡಿಯೋ ಯುಎಸ್‌ಬಿ ಡಾಂಗಲ್ ಬಳಸಿ, ಬೇರೆ ಬೇರೆ ಕಂಪನಿಯ ಮಾಡ್ಯೂಲ್ ಒಂದೇ ಕಡೆ ಸೇರ್ತವೆ. ಡಾಂಗಲ್ಲನ್ನು ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಬೇಡಿ. ಆ ಪೋರ್ಟಿನ ಗದ್ದಲ 2.4 ಗಿಗಾಹರ್ಟ್ಸ್‌ನಲ್ಲೇ ಬೀಳುತ್ತೆ, ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ಲಿನಲ್ಲಿ ದೂರ ಇಡಿ.

ಬಹಳ ಜನ ಮರೆಯೋದು ಇನ್ವರ್ಟರ್ ಲೈನ್. ಜಿಗ್‌ಬೀ ಮಾಡ್ಯೂಲ್‌ಗಳು ಒಂದರಿಂದ ಒಂದಕ್ಕೆ ಸಂದೇಶ ದಾಟಿಸ್ತವೆ. ನಡುವಿನದು ಇನ್ವರ್ಟರಿಗೆ ಸೇರಿರದಿದ್ದರೆ ಕರೆಂಟು ಹೋದ ಕೂಡಲೇ ಆಚೆ ರೂಮಿನದು ಕೊಂಡಿ ಕಳೆದುಕೊಳ್ಳಬಹುದು. ಹಾಲ್, ಮೆಟ್ಟಿಲ ಹತ್ತಿರದ ಮಾಡ್ಯೂಲ್‌ಗಳನ್ನು ಇನ್ವರ್ಟರ್ ಲೈನಿಗೇ ಕೊಡಿ. ರೌಟರ್, ಹಬ್ಬೂ ಅದರಲ್ಲೇ. ಹಬ್ಬಿಗೆ ಎಸ್‌ಡಿ ಕಾರ್ಡ್ ಬೇಡ, ಕರೆಂಟು ಥಟ್ಟಂತ ಹೋದರೆ ಫೈಲ್ ಕೆಡುತ್ತೆ. ಎಸ್‌ಎಸ್‌ಡಿ ಹಾಕಿ, ಬ್ಯಾಕಪ್ ಬೇರೆ ಕಡೆ ಇಡಿ.

ವೈ-ಫೈನದೇ ತಗೊಳ್ಳೋದಾದರೆ ಮ್ಯಾಟರ್ (ಬೇರೆ ಬೇರೆ ಕಂಪನಿಯ ಸಾಧನಗಳಿಗೆ ಇರೋ ಸಾಮಾನ್ಯ ಮಾನದಂಡ) ಗುರುತು ಇರೋದು ನೋಡಿ, ಅದು ಮನೆಯ ನೆಟ್‌ವರ್ಕಿನೊಳಗೇ ನಡೆಯುತ್ತೆ. ಆದರೂ ಕೆಲವು ಸೌಲಭ್ಯ ಕಂಪನಿ ಆ್ಯಪ್‌ನಲ್ಲೇ ಉಳಿದಿರಬಹುದು. ಹಾಗಾಗಿ ಮೊದಲು ಒಂದೇ ಒಂದು ತಂದು ಜೋಡಿಸಿ. ರೌಟರಿಗೆ ಬರೋ ನೆಟ್ ಕೇಬಲ್ ಕಿತ್ತು, ಮೊಬೈಲ್ ಡೇಟಾ ಆಫ್ ಮಾಡಿ, ಫೋನಿಂದ ಆನ್ ಆಫ್ ಮಾಡಿ ನೋಡಿ. ಕೆಲಸ ಮಾಡದಿದ್ರೆ ಅಂಗಡಿಗೆ ವಾಪಸ್ ಕೊಡಿ.