ಮನೆ ಹಳ್ಳಿಗೆ ಸಾಗಿಸಿದರೆ ಮಗಳಿಗೆ ನವೋದಯ ಸೀಟು ಸಿಗುತ್ತಾ?

(ಉತ್ತರಿಸುವವರು: ನಿವೃತ್ತ ಮುಖ್ಯ ಶಿಕ್ಷಕಿ, ಬೀದರ್ ಜಿಲ್ಲೆ. ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಆಗಿಯೂ ಕೆಲಸ ಮಾಡಿದವರು.)

ಪ್ರಶ್ನೆ, ಬೀದರ್‌ನಿಂದ ಒಬ್ಬ ತಾಯಿ:
ನಮಸ್ಕಾರ ಮೇಡಂ. ನಾವು ಊರೊಳಗೆ, ಗಾಂಧಿಗಂಜ್ ಹತ್ತಿರ ಬಾಡಿಗೆ ಮನೆಯಲ್ಲಿದ್ದೇವೆ. ಮನೆಯವರು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ಮಗಳು ಇಲ್ಲೇ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಓದಿನಲ್ಲಿ ಚುರುಕು, ನವೋದಯಕ್ಕೆ ಹಾಕಬೇಕು ಅಂತ ಆಸೆ. ಹಳ್ಳಿ ಮಕ್ಕಳಿಗೆ ಮುಕ್ಕಾಲು ಸೀಟು ಅಂತಾರೆ. ಅದಕ್ಕೇ ಈ ಮನೆ ಬಿಟ್ಟು ಜನವಾಡದಲ್ಲಿ ಮನೆ ಮಾಡಿ, ಆಧಾರ್ ವಿಳಾಸ ಬದಲಿಸಿ, ಐದನೇ ಕ್ಲಾಸಿಗೆ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸೋಣ ಅಂತ ಮಾತಾಗಿದೆ. ನಮ್ಮ ಮೈದುನನ ಮಾತು ಬೇರೆ. ಹೋಗೋದಾದರೆ ಬಸವಕಲ್ಯಾಣ ತಾಲೂಕಿನ ನಾರಾಯಣಪುರಕ್ಕೇ ಹೋಗಿ, ಶಾಲೆ ಅಲ್ಲೇ ಇದೆ, ಹತ್ತಿರದವರಿಗೆ ಮೊದಲು ಕೊಡ್ತಾರೆ ಅಂತಾನೆ. ಮನೆ ಮಾಲೀಕರಿಗೆ ಈ ತಿಂಗಳೇ ಹೇಳಬೇಕು. ಏನು ಮಾಡಲಿ?

ಉತ್ತರ:
ಮಾಲೀಕರಿಗೆ ಏನೂ ಹೇಳಬೇಡಿ. ಇದ್ದಲ್ಲೇ ಇರಿ.

ಮೊದಲು ಮೈದುನನ ಮಾತು. ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಐದನೇ ಕ್ಲಾಸಿನಲ್ಲಿ ಪರೀಕ್ಷೆ ಬರೆದು ಆರನೇ ಕ್ಲಾಸಿಗೆ ಸೇರುವುದು. ಮಗು ಅಲ್ಲೇ ಉಳಿದು, ಅಲ್ಲೇ ಉಂಡು ಓದುತ್ತದೆ. ಶಾಲೆಯಿಂದ ನಿಮ್ಮ ಮನೆ ಎಷ್ಟು ದೂರ ಅಂತ ಯಾರೂ ಅಳೆಯುವುದಿಲ್ಲ. ಔರಾದ್ ತಾಲೂಕಿನ ಕೊನೆಯ ತಾಂಡಾದ ಮಗುವಿಗೂ ನಾರಾಯಣಪುರದ ಮಗುವಿಗೂ ಅರ್ಹತೆ ಒಂದೇ. ಅವರು ಕೇಳುವುದು ಜಿಲ್ಲೆಯನ್ನು. ತಂದೆ ತಾಯಿ ಈ ಜಿಲ್ಲೆಯ ನಿವಾಸಿಗಳಾಗಿರಬೇಕು, ಮಗು ಐದನೇ ಕ್ಲಾಸನ್ನು ಇದೇ ಜಿಲ್ಲೆಯ ಮಾನ್ಯತೆ ಇರುವ ಶಾಲೆಯಲ್ಲಿ ಓದುತ್ತಿರಬೇಕು. ನೀವು ಈಗ ಇರುವ ಮನೆಯಿಂದಲೇ ಇವೆರಡೂ ಆಗುತ್ತವೆ.

ಇನ್ನು ಹಳ್ಳಿ ಕೋಟಾ. ಜನ ಎಡವುವುದು ಇಲ್ಲೇ. ಗ್ರಾಮೀಣ ಅಂತ ಲೆಕ್ಕ ಹಿಡಿಯುವುದು ಮಗು ಓದಿದ ಶಾಲೆ ಎಲ್ಲಿದೆ ಅನ್ನುವುದರ ಮೇಲೆ. ನಿಮ್ಮ ಮನೆ ಎಲ್ಲಿದೆ ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಅದೂ ಒಂದು ವರ್ಷ ಅಲ್ಲ. 3, 4, 5 ಈ ಮೂರೂ ತರಗತಿಗಳನ್ನು ಪೂರ್ತಿ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರರಲ್ಲಿ ಒಂದೇ ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಮಗು ನಗರದ ಅಭ್ಯರ್ಥಿ. ನಿಯಮದಲ್ಲಿ ಹಾಗೇ ಬರೆದಿದ್ದಾರೆ, ಒಂದು ದಿನ ಅಂತಲೇ. ನಿಮ್ಮ ಮಗಳು ಮೂರನೇದು ಬೀದರ್‌ನಲ್ಲಿ ಮುಗಿಸಿದ್ದಾಳೆ, ನಾಲ್ಕನೇದು ನಡೀತಾ ಇದೆ. ನಾಳೆಯೇ ಜನವಾಡಕ್ಕೆ ಹೋದರೂ ಅವಳು ಹಳ್ಳಿ ಕೋಟಾಕ್ಕೆ ಬರುವುದಿಲ್ಲ. ಆಧಾರ್ ಬದಲಿಸಿದರೂ ಅಷ್ಟೇ.

ಮುಖ್ಯ ಶಿಕ್ಷಕರು ಸಹಿ ಮಾಡಿಕೊಡುವ ಫಾರ್ಮು ನೋಡಿದರೆ ಇದು ತಟ್ಟನೆ ಅರ್ಥ ಆಗುತ್ತದೆ. ಅದರಲ್ಲಿ 3, 4, 5 ಅಂತ ಒಂದರ ಕೆಳಗೆ ಒಂದು ಸಾಲು. ಪ್ರತಿ ಸಾಲಿನಲ್ಲೂ ಶಾಲೆ ಹೆಸರು, ಊರು, ಸೇರಿದ್ದು, ಮುಗಿಸಿದ್ದು, ಕೊನೆಗೆ ಗ್ರಾಮೀಣವೋ ನಗರವೋ. ಮೂರು ಸಾಲಿನಲ್ಲಿ ಒಂದರ ಮುಂದೆ ನಗರ ಅಂತ ಬಂದರೆ ಕಥೆ ಮುಗೀತು. ನಾನು ಇಂಥ ಫಾರ್ಮು ತುಂಬುವಾಗ ಸಾಟ್ಸ್, ಅಂದರೆ ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ, ತೆರೆದು ಮಗುವಿನ ಹಿಂದಿನ ವರ್ಷಗಳನ್ನು ನೋಡಿಯೇ ಬರೆಯುತ್ತಿದ್ದೆ. ಪಾಲಕರ ಬಾಯಿ ಮಾತು ಕೇಳಿ ಯಾರೂ ಬರೆಯಬಾರದು.

ಹಾಗಂತ ನಗರದ ಮಕ್ಕಳಿಗೆ ಬಾಗಿಲು ಮುಚ್ಚಿಲ್ಲ. ಒಂದು ನವೋದಯದಲ್ಲಿ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಕನಿಷ್ಠ 75 ಶೇಕಡಾ, ಅಂದರೆ 60, ಗ್ರಾಮೀಣ ಮಕ್ಕಳಿಗೆ. ಉಳಿದ 20ಕ್ಕೆ ನಗರ, ಹಳ್ಳಿ ಅಂತಿಲ್ಲ, ಅಂಕದ ಮೇಲೆ ಎಲ್ಲರೂ ಸ್ಪರ್ಧೆ. ಹೆಣ್ಣುಮಕ್ಕಳಿಗೆ ಒಟ್ಟಾರೆ ಮೂರನೇ ಒಂದು ಭಾಗ ಸಿಗಲೇಬೇಕು. ಪೈಪೋಟಿ ಜಾಸ್ತಿ, ಸುಳ್ಳು ಹೇಳಲ್ಲ. ಆದರೆ ಮನೆ ಸಾಗಿಸುವ ದುಡ್ಡು, ತಲೆನೋವು ಯಾವುದೂ ಇಲ್ಲದೆ ಕೂಡಬಹುದಾದ ಪರೀಕ್ಷೆ.

ಇನ್ನೊಂದು ಮಾತು, ನೀವು ಕೇಳಿಲ್ಲ ಆದರೂ ಹೇಳ್ತೀನಿ. ಇಂಗ್ಲಿಷ್ ಶಾಲೆಯ ಮಗುವನ್ನು ಐದನೇ ಕ್ಲಾಸಿನಲ್ಲೇ ಎತ್ತಿ ಬೇರೆ ಮಾಧ್ಯಮಕ್ಕೆ, ಬೇರೆ ಊರಿಗೆ ಹಾಕಿದರೆ ಅವಳ ಅರ್ಧ ವರ್ಷ ಹೊಸ ಬೆಂಚು, ಹೊಸ ಗೆಳತಿಯರಲ್ಲೇ ಹೋಗುತ್ತದೆ. ಪರೀಕ್ಷೆ ಬರುವುದು ಡಿಸೆಂಬರ್ ಅಥವಾ ಜನವರಿಯಲ್ಲಿ. ಓದಬೇಕಾದ ಹೊತ್ತು ಅದೇ.

ಅದೇ ತಾಯಿ:
ಬಹಳ ಉಪಕಾರ ಆಯ್ತು ಮೇಡಂ. ಹಾಗಾದರೆ ಮನೆ ಬದಲಿಸುವ ದುಡ್ಡು ಕೋಚಿಂಗ್‌ಗೆ ಹಾಕಲಾ?

ಉತ್ತರ:
ಕೋಚಿಂಗ್ ಬೇಡ ಅನ್ನಲ್ಲ, ಬೇಕೇ ಬೇಕು ಅಂತಲೂ ಇಲ್ಲ. ಪತ್ರಿಕೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು, ಅದಕ್ಕೇ 50 ಅಂಕ. ಗಣಿತ 25, ಭಾಷೆ 25. ಮಾನಸಿಕ ಸಾಮರ್ಥ್ಯ ಅಂದರೆ ಚಿತ್ರಗಳು. ನಾಲ್ಕರಲ್ಲಿ ಬೇರೆಯದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಹಾಕಿ ಬಿಚ್ಚಿದರೆ ಹೇಗಿರುತ್ತದೆ, ಇಂಥವು. ಶಾಲೆಯಲ್ಲಿ ಇದನ್ನು ಯಾರೂ ಕಲಿಸಲ್ಲ, ಅದಕ್ಕೇ ಮಕ್ಕಳು ಮೊದಲ ಸಲ ನೋಡಿದಾಗ ಪೇಚಾಡುತ್ತಾರೆ. ಹಳೆ ಪತ್ರಿಕೆ ತಂದು ದಿನಾ ಅರ್ಧ ಗಂಟೆ ಕೂಡಿಸಿ. ನಿಜವಾಗಿ ಕಾಗದ ಮಡಚಿ, ಕತ್ತರಿಸಿ, ಬಿಚ್ಚಿ ತೋರಿಸಿ. ಗಣಿತಕ್ಕೆ ಭಿನ್ನರಾಶಿ, ಲಸಾಅ, ಮಸಾಅ, ಲಾಭ ನಷ್ಟ ಚೆನ್ನಾಗಿ ಆಗಲಿ. ಲೆಕ್ಕ ಬರೆಯುವ ಅಪ್ಪನೇ ಮನೆಯಲ್ಲಿದ್ದಾರಲ್ವಾ! ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬಾರದು ಅಂತ ಹೇಳಿಕೊಡಿ. ಓಎಂಆರ್ ಹಾಳೆಯಲ್ಲಿ ವೃತ್ತ ತುಂಬುವುದನ್ನೂ ಮನೆಯಲ್ಲೇ ರೂಢಿ ಮಾಡಿಸಿ. ಉತ್ತರ ಗೊತ್ತಿದ್ದೂ ಒಂದು ಸಾಲು ತಪ್ಪಿ ಮುಂದಿನದೆಲ್ಲ ಜಾರಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ.

ಇದು ಒಂದೇ ಸಲ ಬರೆಯುವ ಪರೀಕ್ಷೆ. ಈ ವರ್ಷ ಆಗಲಿಲ್ಲ ಅಂತ ಐದನೇ ಕ್ಲಾಸಲ್ಲೇ ಇನ್ನೊಂದು ವರ್ಷ ಕೂರಿಸಿ ಮತ್ತೆ ಬರೆಸಲು ಬರುವುದಿಲ್ಲ.

ಪ್ರತಿಕ್ರಿಯೆ, ಹುಮನಾಬಾದ್‌ನಿಂದ:
ನಿಯಮ ಎಲ್ಲ ಬರೆಯೋಕೆ ಚೆಂದ ಮೇಡಂ. ನಮ್ಮ ಕಡೆ ಎಷ್ಟೋ ಜನ ಮಗುವಿನ ಹೆಸರು ಹಳ್ಳಿ ಶಾಲೆಯಲ್ಲಿ ಇಟ್ಟು, ಮಗುವನ್ನು ಪಟ್ಟಣದ ಕೋಚಿಂಗ್‌ನಲ್ಲಿ ಕೂಡಿಸ್ತಾರೆ. ಅವರಿಗೆ ಸೀಟೂ ಸಿಗ್ತದೆ.

ಉತ್ತರ:
ಗೊತ್ತು ರೀ. ಸಿಆರ್‌ಪಿ ಆಗಿದ್ದಾಗ ಹಾಜರಿ ಪುಸ್ತಕದಲ್ಲಿ ವರ್ಷವಿಡೀ ಹಾಜರಿದ್ದ ಮಗುವನ್ನು ತರಗತಿಯಲ್ಲಿ ಎಂದೂ ಕಾಣದೆ ವಾಪಸ್ ಬಂದವಳು ನಾನು. ಆದರೆ ಈ ತಾಯಿಗೆ ಅದನ್ನು ಮಾಡಿ ಅಂತ ಹೇಳೋಕೆ ನನ್ನಿಂದ ಆಗಲ್ಲ. ಆಯ್ಕೆ ಆದ ಮೇಲೂ ಕಾಗದಪತ್ರ ಪರಿಶೀಲನೆ ಇರುತ್ತದೆ, ಗ್ರಾಮೀಣ ಶಾಲೆಯಲ್ಲಿ ಓದಿದ ಪ್ರಮಾಣಪತ್ರ ಕೊಡಬೇಕು, ಸುಳ್ಳು ಅಂತ ಕಂಡರೆ ಪ್ರವೇಶ ರದ್ದು. ಆರನೇ ಕ್ಲಾಸಿಗೆ ಟ್ರಂಕು ಹೊತ್ತುಕೊಂಡು ಹೋದ ಹುಡುಗಿಯನ್ನು ವಾಪಸ್ ಕರೆತರುವುದು ಯಾರು? ಆ 60 ಸೀಟು ಇಟ್ಟದ್ದು ಕೋಚಿಂಗ್ ಕಾಣದ ಮಕ್ಕಳಿಗೆ.

ಪ್ರಶ್ನೆ, ಕಮಲನಗರದಿಂದ:
ನಮ್ಮ ಮನೆ, ಹೊಲ ಇಲ್ಲಿ. ಮಗಳು ಉದಗೀರ್‌ನಲ್ಲಿ ಅಜ್ಜಿ ಮನೆಯಲ್ಲಿದ್ದು ಓದ್ತಾಳೆ, ಈಗ ನಾಲ್ಕು. ನಾವೂ ಅಲ್ಲಿಗೇ ಮನೆ ಮಾಡೋದಾ, ಅವಳನ್ನೇ ಕರೆಸೋದಾ?

ಉತ್ತರ:
ನಿಮ್ಮದು ನಿಜವಾಗಿ ಯೋಚನೆ ಮಾಡಬೇಕಾದ ವಿಷಯ. ಹೀಗೇ ಬಿಟ್ಟರೆ ಎರಡೂ ಕಡೆ ಹೋಗುತ್ತದೆ. ಓದುವುದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ, ತಂದೆ ತಾಯಿ ಇರುವುದು ಬೀದರ್ ಜಿಲ್ಲೆಯಲ್ಲಿ. ಬೀದರ್‌ನವರು ಐದನೇ ಕ್ಲಾಸು ಇಲ್ಲಿ ಓದಿಲ್ಲ ಅಂತಾರೆ, ಲಾತೂರಿನವರು ನೀವು ನಮ್ಮ ಜಿಲ್ಲೆಯ ನಿವಾಸಿಗಳಲ್ಲ ಅಂತಾರೆ. ಹೊಲ ಬಿಟ್ಟು ನೀವು ಹೋಗಬೇಡಿ. ಮಗಳನ್ನು ಕರೆಸಿ. ಐದನೇ ಕ್ಲಾಸು ಶುರುವಾಗುವ ದಿನದಿಂದಲೇ ಇಲ್ಲಿನ ಶಾಲೆಯಲ್ಲಿರಲಿ, ದಸರಾ ರಜೆ ಮುಗಿಸಿ ಸೇರಿಸಿದರೆ ಆಗುತ್ತೆ ಅಂದ್ಕೋಬೇಡಿ. ಮರಾಠಿ ಮಾಧ್ಯಮದಲ್ಲಿ ಓದುತ್ತಿದ್ದರೆ ಹೆದರಬೇಡಿ, ನಮ್ಮ ಜಿಲ್ಲೆಯಲ್ಲಿ ಮರಾಠಿ ಶಾಲೆಗಳೂ ಇವೆ. ಉದಗೀರ್ ನಗರ ಆದ್ದರಿಂದ ಅವಳು ನಗರದ ಅಭ್ಯರ್ಥಿಯಾಗಿಯೇ ಬರೆಯಬೇಕು, ಅದಕ್ಕೆ ಏನೂ ಮಾಡಲು ಬರುವುದಿಲ್ಲ.

ತೆಲಂಗಾಣದ ಜಹೀರಾಬಾದ್ ಕಡೆ ಮಕ್ಕಳನ್ನು ಓದಿಸುವ ನಮ್ಮ ಗಡಿ ಊರಿನವರಿಗೂ ಇದೇ ಉತ್ತರ.

ಪ್ರಶ್ನೆ, ಗುರುಮಠಕಲ್‌ ಹತ್ತಿರದ ತಾಂಡಾದಿಂದ:
ಮಗಳು ಎರಡನೇ ಕ್ಲಾಸು. ನಾವು ಸುಗ್ಗಿ ಮುಗಿದ ಮೇಲೆ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಹೋಗ್ತೀವಿ, ಅವಳೂ ಬರ್ತಾಳೆ. ಅಲ್ಲಿ ಶಾಲೆಗೆ ಹಾಕ್ತೀವಿ.

ಉತ್ತರ:
ಸರಿಯಾದ ಹೊತ್ತಿಗೆ ಕೇಳಿದಿರಿ. ಇಲ್ಲಿ ಇದುವರೆಗೆ ಕೇಳಿದವರಲ್ಲಿ ಅತಿ ಹೆಚ್ಚು ಅವಕಾಶ ನಿಮ್ಮ ಮಗಳಿಗೇ ಇದೆ, ಯಾಕಂದರೆ ಅವಳ ಮೂರನೇ ಕ್ಲಾಸು ಇನ್ನೂ ಶುರುವಾಗಿಲ್ಲ. ಬರುವ ವರ್ಷದಿಂದ ಮೂರು ವರ್ಷ ಅವಳನ್ನು ಊರಲ್ಲೇ ಬಿಡುವ ದಾರಿ ನೋಡಿ. ಬೆಂಗಳೂರಿನ ಶಾಲೆಗೆ ಎರಡು ತಿಂಗಳು ಹಾಕಿದರೂ ಹಳ್ಳಿ ಲೆಕ್ಕ ಕೈತಪ್ಪುತ್ತದೆ. ಅಜ್ಜಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಗುಳೆ ಹೋಗುವವರ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ಋತುಮಾನದ ವಸತಿ ನಿಲಯ ನಡೆಸುತ್ತದೆ. ನಿಮ್ಮ ಕ್ಲಸ್ಟರ್ ಸಿಆರ್‌ಪಿಯನ್ನು ಈಗಲೇ ಕೇಳಿ, ನೀವು ಹೊರಡುವ ವಾರ ಕೇಳಿದರೆ ತಡ ಆಗುತ್ತದೆ. ಜಾತಿ ಪ್ರಮಾಣಪತ್ರವನ್ನೂ ಈಗಲೇ ಮಾಡಿಸಿಡಿ.

ನವೋದಯ ಸಿಗದಿದ್ದರೂ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇದೆ. ಹೆಣ್ಣುಮಕ್ಕಳಿಗೇ ಮಾಡಿದ ವಸತಿ ಶಾಲೆ, ಆರನೇ ಕ್ಲಾಸಿನಿಂದ, ಪ್ರವೇಶ ಪರೀಕ್ಷೆ ಇಲ್ಲ.

ಪ್ರಶ್ನೆ, ಚಿತ್ತಾಪುರದಿಂದ:
ಒಬಿಸಿ ಸೀಟಿಗೆ ನಮ್ಮ 3ಬಿ ಪ್ರಮಾಣಪತ್ರ ನಡೆಯುತ್ತಾ? ಮೊರಾರ್ಜಿ, ಆದರ್ಶ ಶಾಲೆಗೂ ಹೀಗೇ ಮನೆ ವಿಷಯ ನೋಡ್ತಾರಾ?

ಉತ್ತರ:
ನವೋದಯ ಕೇಂದ್ರದ್ದು. ಒಬಿಸಿ ಮೀಸಲಾತಿಗೆ ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇರಬೇಕು, ಪ್ರಮಾಣಪತ್ರವೂ ಆ ನಮೂನೆಯಲ್ಲೇ ಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಇದ್ದ ಮಾತ್ರಕ್ಕೆ ಅಲ್ಲಿ ಒಬಿಸಿ ಅಂತಲ್ಲ. ತಹಸೀಲ್ದಾರ್ ಕಚೇರಿಯಲ್ಲಿ ಕೇಳುವಾಗ ಕೇಂದ್ರದ ಒಬಿಸಿ ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ರಾಜ್ಯದ್ದೇ ಕೈಗೆ ಬರುತ್ತದೆ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ಇವು ರಾಜ್ಯದ ವಸತಿ ಶಾಲೆಗಳು, ಪರೀಕ್ಷೆಯನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ. ಅಲ್ಲಿ ಜಾತಿ, ಆದಾಯದ ಪ್ರಮಾಣಪತ್ರ ಮುಖ್ಯ. ಮನೆ ಶಾಲೆಯ ಹತ್ತಿರ ಇರಬೇಕಾಗಿಲ್ಲ. ಆದರ್ಶ ವಿದ್ಯಾಲಯದ ಕಥೆ ಬೇರೆ. ಅದು ತಾಲೂಕಿನ ಶಾಲೆ, ಇಂಗ್ಲಿಷ್ ಮಾಧ್ಯಮ, ದಿನಾ ಮನೆಯಿಂದ ಹೋಗಿ ಬರಬೇಕು. ಮನೆ ಬದಲಿಸುವುದಕ್ಕೆ ಏನಾದರೂ ಅರ್ಥ ಇದ್ದರೆ ಅದು ಇಲ್ಲಿ ಮಾತ್ರ. ಅದಕ್ಕೂ ಮಗು ಮೊದಲೇ ಆ ತಾಲೂಕಿನ ಶಾಲೆಯಲ್ಲಿ ಓದುತ್ತಿರಬೇಕು, ಸೀಟು ಸಿಕ್ಕ ಮೇಲೆ ಸಾಗಿಸುವ ಮಾತಲ್ಲ.

ಪ್ರಶ್ನೆ, ಭಾಲ್ಕಿಯಿಂದ:
ನಾವು ಹಳ್ಳಿಯವರೇ, ಮಗಳು ಮೂರನೇದರಿಂದ ಇಲ್ಲಿನ ಶಾಲೆಯಲ್ಲೇ. ಆದರೆ ನಮ್ಮೂರನ್ನು ಪಟ್ಟಣಕ್ಕೆ ಸೇರಿಸ್ತಾರೆ ಅಂತ ಸುದ್ದಿ. ತೊಂದರೆ ಇದೆಯಾ? ಒಂಬತ್ತನೇ ಕ್ಲಾಸಿಗೆ ಉತ್ತರ ಭಾರತಕ್ಕೆ ಕಳಿಸ್ತಾರೆ ಅನ್ನೋದು ನಿಜನಾ?

ಉತ್ತರ:
ಸುದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ, ಅಧಿಸೂಚನೆ ನೋಡಿ. ಸರ್ಕಾರ ನಗರ ಪ್ರದೇಶ ಅಂತ ಅಧಿಸೂಚನೆ ಹೊರಡಿಸಿದ ಜಾಗ ನಗರ, ಉಳಿದದ್ದೆಲ್ಲ ಗ್ರಾಮೀಣ. ನಮ್ಮ ಭಾಗದಲ್ಲಿ ಹೊಸ ತಾಲೂಕುಗಳಾದ ಮೇಲೆ ನಾವು ಹಳ್ಳಿ ಅಂತಲೇ ಕರೆಯುವ ಕೆಲವು ಊರು ಪಟ್ಟಣ ಪಂಚಾಯಿತಿ ಆಗಿವೆ. ಅರ್ಜಿ ಹಾಕುವ ಮುಂಚೆ ಶಾಲೆ ಇರುವ ಜಾಗ ಗ್ರಾಮ ಪಂಚಾಯಿತಿಯಲ್ಲೇ ಇದೆಯಾ ಅಂತ ಮುಖ್ಯ ಶಿಕ್ಷಕರ ಹತ್ತಿರ ಖಚಿತ ಮಾಡಿಕೊಳ್ಳಿ.

ಒಂಬತ್ತನೇ ಕ್ಲಾಸಿನದು ನಿಜ. ಸುಮಾರು 30 ಶೇಕಡಾ ಮಕ್ಕಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷೆಯ ಪ್ರದೇಶದ ನವೋದಯಕ್ಕೆ ಕಳಿಸುತ್ತಾರೆ. ನಮ್ಮವರು ಹಿಂದಿ ನಾಡಿಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ. ಇದಕ್ಕೆ ಒಪ್ಪಿಗೆ ಅಂತ ಆರನೇ ಕ್ಲಾಸಿಗೆ ಸೇರುವಾಗಲೇ ಪಾಲಕರು ಬರೆದುಕೊಡಬೇಕು. ಒಬ್ಬ ಹುಡುಗಿಯ ತಂದೆ ಒಂಬತ್ತನೇ ಕ್ಲಾಸಿಗೆ ಬಂದಾಗ ಕಳಿಸಲ್ಲ ಅಂತ ಜಗಳಕ್ಕೆ ನಿಂತಿದ್ದರು. ಅವಳಿಗೆ ಮಾತ್ರ ಹೋಗುವ ಆಸೆ! ಹೋಗಿ ಬಂದ ಮೇಲೆ ಹಿಂದಿಯಲ್ಲೇ ಅಪ್ಪನ ಜೊತೆ ವಾದ ಮಾಡ್ತಿದ್ದಳು. ನೀವು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ, ಮಗಳನ್ನೂ ಕೂಡಿಸಿಕೊಂಡು.

ಖರ್ಚಿನ ವಿಷಯ ಇನ್ನೊಬ್ಬರು ಇನ್‌ಬಾಕ್ಸಿನಲ್ಲಿ ಕೇಳಿದ್ದರು. ಊಟ, ವಸತಿ, ಪುಸ್ತಕ, ಸಮವಸ್ತ್ರ ಎಲ್ಲ ಉಚಿತ. 9ರಿಂದ 12ರವರೆಗೆ ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಅಂತ ಕಟ್ಟಬೇಕು, ಹೆಣ್ಣುಮಕ್ಕಳಿಗೆ ಅದರಿಂದ ವಿನಾಯಿತಿ. ಸರ್ಕಾರಿ ನೌಕರರ ಮಕ್ಕಳ ಲೆಕ್ಕ ಬೇರೆ, ಅವರು ಶಾಲೆಯಲ್ಲೇ ವಿಚಾರಿಸಲಿ. ಅರ್ಜಿ ಆನ್‌ಲೈನ್, ಅದಕ್ಕೆ ಶುಲ್ಕ ಇಲ್ಲ. ನೂರಾರು ರೂಪಾಯಿ ಕೇಳುವ ಸೈಬರ್ ಅಂಗಡಿಗೆ ಹೋಗುವ ಬದಲು ಮಗುವಿನ ಶಾಲೆಯಲ್ಲೇ ಕೇಳಿ ನೋಡಿ, ಬಹಳ ಕಡೆ ಮೇಷ್ಟ್ರೇ ತುಂಬಿಕೊಡುತ್ತಾರೆ. ಹುಟ್ಟಿದ ದಿನಾಂಕ ಶಾಲೆಯ ದಾಖಲೆ, ಆಧಾರ್ ಎರಡರಲ್ಲೂ ಒಂದೇ ಇದೆಯಾ ಅಂತ ಅದಕ್ಕೂ ಮುಂಚೆ ನೋಡಿಕೊಳ್ಳಿ.