ರಿವರ್‌ನಲ್ಲಿ (ಕೊನೆಯ, ಐದನೇ ಎಲೆ) ಮೂರನೇ ಆಟಿನ್ ಬಿತ್ತು, ಎದುರಿನವರು 6,000 ಇಟ್ಟರು. ನೀವಾದರೆ ಅಷ್ಟೇ ಹಣ ಇಟ್ಟು ಕಾಲ್ ಮಾಡುತ್ತಿದ್ದಿರಾ?

ಕೋಡಿಬಾಗದವ:

ಪೋಕರ್ ಬಲ್ಲವರು ದಯವಿಟ್ಟು ಪೂರ್ತಿ ಓದಿ ಹೇಳಿ. ಪಣಜಿಯಲ್ಲಿ ಮಾಂಡವಿ ನದಿಯ ಕ್ಯಾಸಿನೊ ಹಡಗೊಂದರಲ್ಲಿ ಆಡಿದ ಆಟ. ನಮ್ಮ ಕಾರವಾರದವರಿಗೆ ಮಾಜಾಳಿ ದಾಟಿದರೆ ಗೋವಾ, ಹಾಗಾಗಿ ಆಗಾಗ ಹೋಗುತ್ತೇನೆ. ಬ್ಲೈಂಡ್ (ಇಬ್ಬರು ಎಲೆ ನೋಡುವ ಮೊದಲೇ ಇಡಬೇಕಾದ ಹಣ) 100/200.

ನಾನು ಬಟನ್‌ನಲ್ಲಿದ್ದೆ (ಡೀಲರ್ ಜಾಗ). ಕೈಯಲ್ಲಿ ಇಸ್ಪೀಟ್ ಎಕ್ಕ, ಆಟಿನ್ ರಾಣಿ. 800ಕ್ಕೆ ಏರಿಸಿದೆ. ಬಿಗ್ ಬ್ಲೈಂಡ್‌ನಲ್ಲಿದ್ದ (200 ಇಟ್ಟಿದ್ದ) ಹಿರಿಯರೊಬ್ಬರು ಮಾತ್ರ ಕಾಲ್ ಮಾಡಿದರು. ಪಾಟ್ (ನಡುವೆ ಸೇರಿದ ಹಣ) 1,700.

ಫ್ಲಾಪ್ (ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ): ಆಟಿನ್ ಎಕ್ಕ, ಆಟಿನ್ ಒಂಬತ್ತು, ಕಳಾವರ್ ನಾಲ್ಕು. ಅವರು ಚೆಕ್ (ಹಣ ಇಡಲಿಲ್ಲ), ನಾನು 1,000, ಅವರು ಕಾಲ್. ಟರ್ನ್ (ನಾಲ್ಕನೇ ಎಲೆ) ಡೈಮಂಡ್ ಏಳು. ಮತ್ತೆ ಅವರು ಚೆಕ್, ನಾನು 2,300, ಅವರು ಕಾಲ್. ಪಾಟ್ 8,300 ಆಯಿತು. ರಿವರ್‌ನಲ್ಲಿ ಆಟಿನ್ ಎರಡು. ಅಲ್ಲಿಯವರೆಗೆ ಚೆಕ್ ಮಾಡುತ್ತಿದ್ದವರು ಈಗ ತಮ್ಮ ಎಲೆ ಒಮ್ಮೆ ಎತ್ತಿ ನೋಡಿ, ನಿಧಾನಕ್ಕೆ 6,000 ಮುಂದೆ ತಳ್ಳಿದರು.

ಹಿರಿಯರ ಬಗ್ಗೆ ಹೇಳುವುದಾದರೆ, ಮಾತು ಕಡಿಮೆ, ಆಟವೂ ಕಡಿಮೆ. ಅದಕ್ಕೂ ಮೊದಲು ಒಂದು ಕೈಯಲ್ಲಿ ಇದೇ ತರ ಮೂರು ಎಲೆ ಒಂದೇ ಜಾತಿಯದು ಬಂದಾಗ, ರಾಜನ ಜೋಡಿ ಇದ್ದರೂ ಸುಮ್ನೆ ಚೆಕ್ ಮಾಡಿ ತೋರಿಸಿದ್ದರು. ಒಳ್ಳೆಯ ಎಲೆ ಇಲ್ಲದೆ ಬೆಟ್ ಮಾಡಿ ಹೆದರಿಸುವ ಬ್ಲಫ್ ಮಾಡಿದ್ದನ್ನು ನಾನಂತೂ ನೋಡಲಿಲ್ಲ.

ನನ್ನ ಹತ್ತಿರ ಎಕ್ಕದ ಜೋಡಿ ಇದೆ, ಕಿಕ್ಕರ್ (ಜೋಡಿಯ ಪಕ್ಕದ ಎಲೆ) ಚೆನ್ನಾಗಿದೆ. ಆಟಿನ್ ರಾಣಿ ನನ್ನ ಕೈಯಲ್ಲೇ ಇರುವುದರಿಂದ ಅವರಿಗೆ ಫ್ಲಶ್ (ಒಂದೇ ಜಾತಿಯ ಐದು ಎಲೆ) ಇರುವ ಸಾಧ್ಯತೆಯೂ ಸ್ವಲ್ಪ ಕಡಿಮೆ ಅಲ್ವಾ? ನಾನೇನು ಮಾಡಿದೆ ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ಉತ್ತರ ಆ ಕಡೆಗೇ ವಾಲುತ್ತದೆ.

ಹೊನ್ನಾವರ ಬಂದರು:

ಕಾಲ್. 6,000 ಕೊಟ್ಟರೆ 14,300 ಸಿಗುತ್ತದೆ. ಎಲ್ಲ ಸೇರಿ 20,300, ಅದರಲ್ಲಿ ನಿಮ್ಮದು 6,000, ಅಂದರೆ ಶೇಕಡಾ 29.6. ಹತ್ತರಲ್ಲಿ ಮೂರು ಸಲ ಗೆದ್ದರೂ ನಷ್ಟವಿಲ್ಲ. ಇಷ್ಟು ಒಳ್ಳೆಯ ಕೈಯನ್ನು ಒಂದು ಎಲೆಗೆ ಹೆದರಿ ಬಿಡಬಾರದು. ಹಾಗೆ ಬಿಡುತ್ತೀರಿ ಅಂತ ಗೊತ್ತಾದರೆ ಎಲ್ಲರೂ ಮೂರನೇ ಆಟಿನ್‌ಗೆ ಕಾದು ಬೆಟ್ ಮಾಡುತ್ತಾರೆ.

ಶಿರಸಿ ಪೇಟೆ:

ಹೊನ್ನಾವರ ಬಂದರು ಅವರು ಹೇಳಿದ ಶೇಕಡಾ ಸರಿ. ಆದರೆ ಅದು ಎಷ್ಟು ಸಲ ಗೆಲ್ಲಬೇಕು ಅಂತ ಮಾತ್ರ ಹೇಳುತ್ತದೆ. ಎಷ್ಟು ಸಲ ಗೆಲ್ಲುತ್ತೀರಿ ಅನ್ನುವುದನ್ನು ಎಲೆ ಎಣಿಸಿಯೇ ತಿಳಿಯಬೇಕು. ನಮ್ಮ ಕಡೆ ಇಪ್ಪತ್ತೆಂಟು ಅನ್ನುವ ಎಲೆಯಾಟ ಆಡುವಾಗ ಯಾವ ಎಲೆ ಬಿತ್ತು, ಯಾವುದು ಉಳಿಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಇಡುತ್ತೇವಲ್ಲ, ಇಲ್ಲೂ ಅದೇ ಬೇಕು.

ಮೊದಲು ರಾಣಿಯ ವಿಷಯ. ಬೋರ್ಡಿನಲ್ಲಿ (ಮೇಜಿನ ಮೇಲೆ) ಮೂರು ಆಟಿನ್ ಹೋದರೆ ಉಳಿಯುವುದು ಹತ್ತು. ಹತ್ತರಲ್ಲಿ ಎರಡೆರಡು ಜೋಡಿಸಿದರೆ 45 ಬಗೆ. ರಾಣಿ ನಿಮ್ಮಲ್ಲಿರುವುದರಿಂದ ಒಂಬತ್ತು ಎಲೆ, 36 ಬಗೆ. ಕಡಿಮೆ ಆಯಿತು, ನಿಜ. ಆದರೆ ಇನ್ನೂ ಬೇಕಾದಷ್ಟಿದೆ. 36ರಲ್ಲಿ ಎಲ್ಲವನ್ನೂ ಅವರು ಫ್ಲಾಪ್‌ಗೆ ಮೊದಲೇ ಕಾಲ್ ಮಾಡಿರುವುದಿಲ್ಲ. 20 ಅಂತ ಇಟ್ಟುಕೊಳ್ಳೋಣ. ಎಕ್ಕ-ಒಂಬತ್ತು, ಎಕ್ಕ-ಏಳು ತರದ ಎರಡು ಜೋಡಿಯೂ ನಿಮ್ಮನ್ನು ಸೋಲಿಸುತ್ತದೆ, ಅದನ್ನು ಸದ್ಯಕ್ಕೆ ಬಿಡಿ.

ಸೋಲಿಸುವವು 20 ಇದ್ದರೆ, ನೀವು ಸೋಲಿಸುವವು ಕನಿಷ್ಠ 9 ಇರಬೇಕು. ಆಗ ಮಾತ್ರ ಈ ಕಾಲ್ ತೂಗುತ್ತದೆ. ಆ ಒಂಬತ್ತು ಎಲ್ಲಿಂದ ಬರುತ್ತದೆ? ಎಲ್ಲರೂ ಮರೆಯುವುದು ಇದನ್ನೇ. ಫ್ಲಾಪ್ ಇದ್ದದ್ದು ಎಕ್ಕ, ಒಂಬತ್ತು, ನಾಲ್ಕು. ಅಲ್ಲಿ ಕಾಯುವಂಥ ಡ್ರಾ (ಬೇಕಾದ ಎಲೆ ಬಂದರೆ ಪೂರ್ತಿಯಾಗುವ ಕೈ) ಅಂದರೆ ಆಟಿನ್ ಒಂದೇ, ಅದು ಬಿದ್ದುಬಿಟ್ಟಿತು. ಐದು-ಮೂರು ಹಿಡಿದು ಕೂತಿದ್ದವರಿಗೂ ಆಟಿನ್ ಎರಡು ಬಂದು ಸ್ಟ್ರೇಟ್ (ಸಾಲಾಗಿ ಐದು ಎಲೆ) ಆಯಿತು. ತಪ್ಪಿಹೋದ ಡ್ರಾ ಅಂತ ಹೆಚ್ಚೇನೂ ಉಳಿದೇ ಇಲ್ಲ. ತಪ್ಪಿಹೋದ ಡ್ರಾ ಇಲ್ಲದ ಕಡೆ ಬ್ಲಫ್ ಹುಟ್ಟುವುದು ಕಷ್ಟ ಮಾರಾಯರೇ. ಒಂಬತ್ತರ ಜೋಡಿ ಇದ್ದವರು ಅದನ್ನು ಬ್ಲಫ್ ಆಗಿ ತಿರುಗಿಸಬೇಕು. ಮಾತು ಕಡಿಮೆ, ಆಟ ಕಡಿಮೆ ಇರುವ ಹಿರಿಯರು ಹಾಗೆ ಮಾಡುವುದಿಲ್ಲ.

ಇನ್ನು ಎಕ್ಕ-ಗುಲಾಮ, ಎಕ್ಕ-ಹತ್ತು. ಉಳಿದಿರುವ ಎಕ್ಕ ಎರಡೇ, ಹಾಗಾಗಿ ಒಂದೊಂದು 8 ಬಗೆ, ಒಟ್ಟು 16. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ಅವರು 6,000 ಇಡುತ್ತಾರೆ ಅಂದರೆ ಕಾಲ್ ಮಾಡಿ. ಇಡುತ್ತಾರಾ? ಉತ್ತರ ನೀವೇ ಬರೆದಿದ್ದೀರಿ. ಮೂರು ಎಲೆ ಒಂದೇ ಜಾತಿಯದು ಬಂದಾಗ ರಾಜನ ಜೋಡಿಯನ್ನು ಚೆಕ್ ಮಾಡಿದವರು ಅವರು. ನಾನು ಎಲೆ ಬಿಟ್ಟು ಫೋಲ್ಡ್ ಮಾಡುತ್ತೇನೆ.

ಹೊನ್ನಾವರ ಬಂದರು:

ರಾಜನ ಜೋಡಿಯ ಆ ಕೈಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದೇ ಜಾಗದಲ್ಲಿ ಪ್ರತಿ ಕೈಗೂ ಬೆಟ್ ಮಾಡುವ ಹುಡುಗನಿದ್ದರೆ ನನ್ನ ಉತ್ತರ ಈಗಲೂ ಕಾಲ್.

ಶಿರಸಿ ಪೇಟೆ:

ಆ ಹುಡುಗನಾದರೆ ನಾನೂ ಕಾಲ್ ಮಾಡುತ್ತೇನೆ, ಅದರಲ್ಲಿ ಎರಡು ಮಾತಿಲ್ಲ.

ಕೋಡಿಬಾಗದವ:

ಇಬ್ಬರಿಗೂ ಧನ್ಯವಾದ. ನಾನು ಫೋಲ್ಡ್ ಮಾಡಿದೆ, ಅವರು ಎಲೆ ತೋರಿಸಲಿಲ್ಲ. ಎರಡು ಪ್ರಶ್ನೆ ಉಳಿದಿದೆ. ರಿವರ್ ಬಿದ್ದಾಗ ಎಲೆ ಎತ್ತಿ ನೋಡಿದ್ದಕ್ಕೆ ಏನಾದರೂ ಅರ್ಥ ಇದೆಯಾ? ಮತ್ತೆ, ಅವರು 6,000 ಬದಲು 2,000 ಇಟ್ಟಿದ್ದರೆ?

ಶಿರಸಿ ಪೇಟೆ:

ಎರಡು ಆಟಿನ್ ಹಿಡಿದು ಎರಡು ಸುತ್ತು ಕಾದವರಿಗೆ ಎಲೆ ನೆನಪಿರುತ್ತದೆ, ಮತ್ತೆ ನೋಡುವ ಅಗತ್ಯ ಕಡಿಮೆ. ಹಾಗಾಗಿ ಅದು ಸ್ವಲ್ಪ ನಿಮ್ಮ ಪರವೇ. ಆದರೆ ವಯಸ್ಸಾದವರು ಖಚಿತ ಮಾಡಿಕೊಳ್ಳಲೂ ನೋಡುತ್ತಾರೆ. ಬರೀ ಅದನ್ನು ನಂಬಿ 6,000 ಕೊಡುವಷ್ಟು ಬಲ ಅದಕ್ಕಿಲ್ಲ. ಮೊದಲಿನ ಕೈಗಳಲ್ಲಿ ಯಾವಾಗ ಎಲೆ ಎತ್ತಿ ನೋಡುತ್ತಿದ್ದರು, ಕೊನೆಗೆ ಏನು ತೋರಿಸಿದರು ಅಂತ ಗಮನಿಸಿದ್ದರೆ ಆ ಮಾತು ಬೇರೆ.

2,000 ಆದರೆ ಲೆಕ್ಕವೇ ಬದಲಾಗುತ್ತದೆ. ಒಟ್ಟು 12,300ಕ್ಕೆ ನಿಮ್ಮದು 2,000, ಅಂದರೆ ಶೇಕಡಾ 16ರ ಆಸುಪಾಸು. ಆರರಲ್ಲಿ ಒಂದು ಸಲ ಗೆದ್ದರೆ ಸಾಕು. ಮತ್ತೆ ಅಷ್ಟು ಸಣ್ಣ ಬೆಟ್ ಅನ್ನು ಎಕ್ಕ-ಗುಲಾಮ ಇದ್ದವರೂ ಮಾಡುತ್ತಾರೆ, ದೊಡ್ಡದು ಕಟ್ಟುವುದು ಬೇಡ ಅಂತ. ಅದಕ್ಕೆ ಕಾಲ್ ಮಾಡಿ. ಬೆಟ್ ಏರಿಸುವುದು ಮಾತ್ರ ಬೇಡ.