ಚಿಕ್ಕಮ್ಮ ಕೇಳಿದ ಅನಾನಸ್ ಟಾರ್ಟ್, ಮಾವ ಬೇಡ ಅಂದ ಸಿಗಡಿ ನೂಡಲ್ಸ್

ನಮಸ್ಕಾರ ಎಲ್ಲರಿಗೂ. ಇದು ಸ್ವಲ್ಪ ಉದ್ದದ ವಾಯ್ಸ್ ಮೆಸೇಜು, ಕೆಲಸ ಮಾಡಿಕೊಂಡೇ ಕೇಳಿ. ನಿನ್ನೆ ಗ್ರೂಪಿಗೆ ಎರಡು ಫೋಟೋ ಹಾಕಿದ್ದೆ ಅಲ್ವಾ, ಅನಾನಸ್ ಟಾರ್ಟ್, ಅಂದರೆ ಅನಾನಸ್ ಜಾಮಿನ ಉಂಡೆ ಇಟ್ಟ ಬೆಣ್ಣೆ ಬಿಸ್ಕತ್ತು, ಮತ್ತು ಸಿಗಡಿ ನೂಡಲ್ಸ್. ಚಿಕ್ಕಮ್ಮ ಟಾರ್ಟ್ ಮಾಡುವ ಕ್ರಮ ಕೇಳಿದ್ದಾರೆ. ಮಾವ, "ನೂಡಲ್ಸ್ ಎಲ್ಲ ಪ್ಯಾಕೆಟ್ ಸಾಮಾನು, ಮಗನಿಗೆ ಅನ್ನ ಸಾರು ಮಾಡಿ ಹಾಕು" ಅಂದಿದ್ದಾರೆ. ಬೆಂಗಳೂರಿನ ಅತ್ತಿಗೆ, ಊರಲ್ಲಿ ಬೋಟ್ ಕಡಲಿಗೆ ಇಳಿಯದ ಹೊತ್ತಿನಲ್ಲಿ ಸಿಗಡಿ ತೋರಿಸಿ ಹೊಟ್ಟೆ ಉರಿಸುತ್ತೀಯಾ ಅಂತ ಕೇಳಿದ್ದಾರೆ. ಮೂವರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ.

ಮೊದಲು ಮಾವನಿಗೆ. ಮಾವ, ಇದು ಬಿಸಿನೀರು ಸುರಿದು ಪುಡಿ ಉದುರಿಸುವ ನೂಡಲ್ಸ್ ಅಲ್ಲ. ಇದರ ನೀರು ತಯಾರಾಗುವುದಕ್ಕೇ ಒಂದು ಗಂಟೆ ಬೇಕು. ನಾನಿರುವ ಈ ಸಿಂಗಾಪುರದಲ್ಲಿ ಇದಕ್ಕೆ ಹೊಕ್ಕಿಯನ್ ಮೀ ಅನ್ನುತ್ತಾರೆ. ಚೀನಾದ ಫುಜಿಯಾನ್ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರ ಅಡುಗೆ. ನೂಡಲ್ಸ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ರಾತ್ರಿ ರೋಚೋರ್ ರಸ್ತೆಯ ಹತ್ತಿರ ಸೇರಿ, ಉಳಿದ ನೂಡಲ್ಸನ್ನು ಇದ್ದಿಲ ಒಲೆಯ ಮೇಲೆ ಹುರಿದು ತಿನ್ನುತ್ತಿದ್ದರು, ಅಲ್ಲಿಂದ ಇದು ಶುರುವಾಯಿತು ಅಂತ ಇಲ್ಲಿಯವರು ಕತೆ ಹೇಳುತ್ತಾರೆ. ದುಡಿಯುವವರ ಊಟ. ಈಗಲೂ ಹಾಗೆಯೇ ಉಂಟು. ಹಾಕರ್ ಸೆಂಟರಿನಲ್ಲಿ, ಅಂದರೆ ಸಣ್ಣ ಸಣ್ಣ ಊಟದ ಅಂಗಡಿಗಳೆಲ್ಲ ಒಂದೇ ಸೂರಿನಡಿ ಇರುವ ಕಡೆ, ಆಫೀಸಿನವರು, ಟ್ಯಾಕ್ಸಿ ಓಡಿಸುವವರು, ಶಾಲೆ ಮಕ್ಕಳು ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಇದನ್ನು ತಗೊಳ್ಳುತ್ತಾರೆ. ಆ ಹಾಕರ್ ಊಟದ ಪದ್ಧತಿಯನ್ನು 2020ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸೇರಿಸಬೇಕಾದದ್ದೇ ಅಂತ ನನ್ನ ಅಭಿಪ್ರಾಯ.

ಇದರಲ್ಲಿ ಎರಡು ಥರದ ನೂಡಲ್ಸ್ ಬೀಳುತ್ತದೆ. ಒಂದು ಹಳದಿಯದ್ದು, ಗೋಧಿಯದ್ದು. ಕ್ಷಾರದ ನೀರು ಹಾಕಿ ಕಲಸುವುದರಿಂದ ಅದಕ್ಕೆ ಆ ಬಣ್ಣ, ಆ ಬಿಗಿ. ಇನ್ನೊಂದು ಬೀ ಹೂನ್, ಪೂರ್ತಿ ಅಕ್ಕಿಯದ್ದು. ಮಾವ, ನಾಗರಪಂಚಮಿಗೆ ಅಲ್ಲದಿದ್ದರೂ ಕೋಳಿ ಸಾರಿಗೆ ಅಂತ ಅಜ್ಜಿ ಒತ್ತುತ್ತಿದ್ದ ಶ್ಯಾವಿಗೆಯನ್ನು ನೀವು ಎಷ್ಟು ಪ್ರೀತಿಯಿಂದ ತಿನ್ನುತ್ತಿದ್ದಿರಿ! ಬೀ ಹೂನ್ ಅದರ ದಪ್ಪ ತಮ್ಮ. ಮಗನಿಗೆ ನಾನು ಹಳದಿಯದ್ದು ಕಡಿಮೆ, ಅಕ್ಕಿಯದ್ದು ಜಾಸ್ತಿ ಹಾಕುತ್ತೇನೆ. ಅನ್ನ ಸಾರೂ ಆಗುತ್ತದೆ, ವಾರದಲ್ಲಿ ಜಾಸ್ತಿ ದಿನ ಅದೇ. ನೀವು ಚಿಂತೆ ಮಾಡಬೇಡಿ.

ಇನ್ನು ರುಚಿ ಎಲ್ಲಿಂದ ಬರುತ್ತದೆ ಅಂದರೆ ಸಿಗಡಿಯ ತಲೆಯಿಂದ. ಇದನ್ನು ನಾನು ಎಲ್ಲರಿಗೂ ಕೈ ಮುಗಿದು ಹೇಳುತ್ತೇನೆ, ತಲೆ ಎಸೆಯಬೇಡಿ. ಮೀನು ಮಾರುವವರು "ಕ್ಲೀನ್ ಮಾಡಿ ಕೊಡಲಾ" ಅಂದರೆ ಬೇಡ ಅನ್ನಿ. ಅರ್ಧ ಕಿಲೋ ಸಿಗಡಿ ಮನೆಗೆ ತಂದು ನಾವೇ ತಲೆ, ಸಿಪ್ಪೆ ಬಿಡಿಸಬೇಕು. ಬೆನ್ನಿನ ಕಪ್ಪು ನರ ಮಾತ್ರ ಕಸಕ್ಕೆ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಬಿಸಿ ಮಾಡಿ, ತಲೆ ಸಿಪ್ಪೆ ಎಲ್ಲ ಹಾಕಿ, ನಾಲ್ಕು ಎಸಳು ಬೆಳ್ಳುಳ್ಳಿಯ ಜೊತೆ ಹುರಿಯಬೇಕು. ಮೊದಲು ಬೂದು ಬಣ್ಣ ಇರುತ್ತದೆ. ನೋಡುತ್ತಾ ಇದ್ದ ಹಾಗೆ ಕೇಸರಿ ಆಗುತ್ತದೆ, ಆಮೇಲೆ ಎಣ್ಣೆಯೇ ಕೆಂಪಗಾಗುತ್ತದೆ. ಆಗ ಸೌಟಿನ ಹಿಂಬದಿಯಿಂದ ಒಂದೊಂದೇ ತಲೆ ಒತ್ತಿ ಜಜ್ಜಬೇಕು. ಒಳಗಿನ ರಸ ಹೊರಗೆ ಬಂದು ಚುರ್ ಅನ್ನುತ್ತದೆ, ಅಡುಗೆಮನೆ ತುಂಬ ಕಡಲಿನ ಪರಿಮಳ. ಅದಕ್ಕೆ ಒಂದೂವರೆ ಲೀಟರ್ ನೀರು, ಸ್ವಲ್ಪ ಕೋಳಿ ಮೂಳೆ. ಅಂಗಡಿಯಲ್ಲಿ ಹಂದಿ ಮೂಳೆ ಹಾಕುತ್ತಾರೆ, ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ, ಕೋಳಿಯಲ್ಲೇ ಚೆನ್ನಾಗಿ ಬರುತ್ತದೆ. ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಕುದಿಸಿ ಸೋಸಿ ಇಟ್ಟುಕೊಳ್ಳಿ.

ಈ ಕುದಿಯುವ ನೀರಿನಲ್ಲೇ ಸಿಗಡಿಯನ್ನೂ ಬೊಂಡಾಸನ್ನೂ (ಸ್ಕ್ವಿಡ್) ಒಂದೆರಡು ನಿಮಿಷ ಅದ್ದಿ ತೆಗೆಯಬೇಕು. ಜಾಸ್ತಿ ಬೆಂದರೆ ಬೊಂಡಾಸ್ ರಬ್ಬರ್ ಆಗುತ್ತದೆ, ಅದು ನಿಮಗೆಲ್ಲ ಗೊತ್ತೇ ಉಂಟು. ಹಳದಿ ನೂಡಲ್ಸನ್ನು ಬಿಸಿನೀರಿನಲ್ಲಿ ಒಮ್ಮೆ ಜಾಲಾಡಿದರೆ ಕ್ಷಾರದ ವಾಸನೆ ಹೋಗುತ್ತದೆ. ಆಮೇಲೆ ದೊಡ್ಡ ಬಾಣಲೆಯಲ್ಲಿ ಮೊಟ್ಟೆ ಒಡೆದು ಕದಡಿ, ಎರಡೂ ನೂಡಲ್ಸ್ ಹಾಕಿ, ಜೋರು ಉರಿಯಲ್ಲಿ ಅಲ್ಲಲ್ಲಿ ಕೆಂಪಗಾಗುವ ತನಕ ಬಿಡಬೇಕು. ಈಗ ಸೋಸಿದ ನೀರನ್ನು ಎರಡು ಸೌಟು ಹಾಕಿ ಮುಚ್ಚಳ ಮುಚ್ಚಿ. ನೂಡಲ್ಸ್ ಆ ನೀರು ಕುಡಿಯುತ್ತದೆ. ಮತ್ತೆ ಎರಡು ಸೌಟು, ಮತ್ತೆ ಮುಚ್ಚಳ. ಹೀಗೆ ಕುಡಿಸಿ ಕುಡಿಸಿಯೇ ಮಾಡುವುದು. ಕೊನೆಗೆ ಮೀನಿನ ಸಾಸ್, ಹೆಸರುಕಾಳಿನ ಉದ್ದ ಮೊಳಕೆ, ಬೇಯಿಸಿಟ್ಟ ಸಿಗಡಿ, ಬೊಂಡಾಸ್. ಪೂರ್ತಿ ಒಣಗಬಾರದು, ತಟ್ಟೆಯಲ್ಲಿ ಸ್ವಲ್ಪ ಗೊಜ್ಜಿನ ಹಾಗೆ ನಿಲ್ಲಬೇಕು. ಬದಿಗೆ ಸಂಬಾಲ್ ಅನ್ನುವ ಮೆಣಸಿನ ಚಟ್ನಿ, ಒಂದು ಪುಟ್ಟ ಲಿಂಬೆ. ಇಲ್ಲಿಯ ಲಿಂಬೆ ಗೋಲಿಯಷ್ಟೇ ದೊಡ್ಡದು, ಆದರೆ ಕಿತ್ತಳೆಯ ಪರಿಮಳ ಇರುತ್ತದೆ.

ಹೊಕ್ಕಿಯನ್ ಮೀ ಅನ್ನುವ ಹೆಸರಿನಲ್ಲೇ ಮಲೇಷ್ಯಾದಲ್ಲಿ ಬೇರೆ ಬೇರೆ ಅಡುಗೆ ಉಂಟು. ಕೌಲಾಲಂಪುರದಲ್ಲಿ ಕಪ್ಪು ಸೋಯಾ ಸಾಸಿನದ್ದು, ಪೆನಾಂಗಿನಲ್ಲಿ ಸಿಗಡಿ ಸಾರಿನದ್ದು. ನನಗೆ ಸಿಂಗಾಪುರದ್ದೇ ಇಷ್ಟ.

ಆದರೆ ಪುತ್ತೂರಿನವರು ಕೇಳಲೇಬೇಕಾದ ವಿಷಯ ಇನ್ನೊಂದು. ಹಿಂದೆ ಈ ನೂಡಲ್ಸನ್ನು ಇಲ್ಲಿ ಕಟ್ಟಿ ಕೊಡುತ್ತಿದ್ದದ್ದು ಯಾವುದರಲ್ಲಿ ಗೊತ್ತಾ? ಅಡಿಕೆ ಹಾಳೆಯಲ್ಲಿ! ನಮ್ಮದೇ ಹಾಳೆ. ಇಲ್ಲಿಯವರು ಅದಕ್ಕೆ ಓಪೆ ಅನ್ನುತ್ತಾರೆ. ಈಗಲೂ ಕೆಲವು ಅಂಗಡಿಗಳಲ್ಲಿ ತಟ್ಟೆಯ ಮೇಲೆ ಒಂದು ತುಂಡು ಹಾಳೆ ಹಾಸಿ, ಅದರ ಮೇಲೆ ಬಿಸಿ ಬಿಸಿ ನೂಡಲ್ಸ್ ಸುರಿಯುತ್ತಾರೆ. ಮೊದಲ ಸಲ ನೋಡಿದಾಗ ನಾನು ತಿನ್ನುವುದು ಬಿಟ್ಟು ಹಾಳೆಯನ್ನೇ ಮುಟ್ಟಿ ಮುಟ್ಟಿ ನೋಡಿದೆ. ಒಳಬದಿ ನುಣುಪು, ಹೊರಬದಿ ಗೀರು ಗೀರು, ಬಿಸಿ ತಾಗಿದ ಕಡೆ ಆ ಮರದ ವಾಸನೆ. ತೋಟದಲ್ಲಿ ಹಾಳೆ ಬಿದ್ದ ಶಬ್ದಕ್ಕೆ ಓಡಿ ಹೋಗಿ ಅದರ ಮೇಲೆ ಕೂತು ಎಳೆಸಿಕೊಂಡವರು ನಾವು, ದೊಡ್ಡಪ್ಪನ ತಲೆಯ ಮುಟ್ಟಾಳೆಯೂ ಅದರದ್ದೇ. ಇಷ್ಟು ದೂರದ ಊರಿನವರಿಗೂ ಊಟ ಕಟ್ಟಲು ಅದೇ ಸರಿ ಅನ್ನಿಸಿತು ನೋಡಿ. ನನಗೆ ತುಂಬ ಖುಷಿ ಆಯಿತು. ದೊಡ್ಡಪ್ಪ, ಊರಿಗೆ ಬಂದಾಗ ಒಂದಿಷ್ಟು ಒಣ ಹಾಳೆ ತೊಳೆದು ಕೊಡಿ, ನಿಮಗೆ ಅದರಲ್ಲೇ ಬಡಿಸುತ್ತೇನೆ.

ಅತ್ತಿಗೆ, ಈಗ ನಿಮ್ಮ ಹೊಟ್ಟೆ ಉರಿ ವಿಷಯ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕಡೆ ಯಾಂತ್ರಿಕ ಬೋಟ್ ಇಳಿಯುವ ಹಾಗಿಲ್ಲ, ಮೀನು ಮೊಟ್ಟೆ ಇಡುವ ಕಾಲ, ಅದು ಒಳ್ಳೆಯದಕ್ಕೇ. ಆದರೆ ಸಿಗಡಿಗೆ ಆಗಸ್ಟ್ ತನಕ ಕಾಯಬೇಕಾಗಿಲ್ಲ. ಕುಂದಾಪುರದ ಕಡೆ ಕೆರೆಯಲ್ಲಿ ಸಾಕಿದ ಸಿಗಡಿ ಇರುತ್ತದೆ. ಬೆಂಗಳೂರಿನಲ್ಲಿ ನೀವು ಶಿವಾಜಿನಗರದ ರಸೆಲ್ ಮಾರ್ಕೆಟಿಗೆ ಬೆಳಿಗ್ಗೆ ಬೇಗ ಹೋಗಿ ನೋಡಿ. ಮಧ್ಯಮ ಗಾತ್ರದ್ದು ಸಾಕು, ತಲೆ ಗಟ್ಟಿಯಾಗಿ ಅಂಟಿಕೊಂಡಿರಬೇಕು, ಕಪ್ಪಾಗಿರಬಾರದು. ದಪ್ಪ ಬೀ ಹೂನ್ ಸಿಗದಿದ್ದರೆ ಮನೆಯಲ್ಲಿ ಒತ್ತಿದ ಶ್ಯಾವಿಗೆ ಬೇಡ, ಅದು ಬಾಣಲೆಯಲ್ಲಿ ಮುದ್ದೆ ಆಗುತ್ತದೆ. ಒಣ ಅಕ್ಕಿ ನೂಡಲ್ಸ್ ತಂದು ನೆನೆಸಿ ಹಾಕಿ.

ನಾನು ಮೀನು ತರುವುದು ಟೆಕ್ಕಾ ಮಾರ್ಕೆಟಿನಿಂದ, ಲಿಟಲ್ ಇಂಡಿಯಾದಲ್ಲಿ. ಅಲ್ಲಿ ತಮಿಳು, ಮಲಯ್, ಚೀನೀ ಭಾಷೆ ಎಲ್ಲ ಒಟ್ಟಿಗೆ ಕೇಳುತ್ತದೆ. ಬಂಗುಡೆಯೂ ಸಿಗುತ್ತದೆ, ಅಂಜಲಿನ ಜಾತಿಯದ್ದೂ ಸಿಗುತ್ತದೆ. ಬೆಳಿಗ್ಗೆ ನೆಲ ಒದ್ದೆ ಇರುತ್ತದೆ, ಮಂಜುಗಡ್ಡೆ ಜಜ್ಜುವ ಶಬ್ದ, ಪಕ್ಕದಲ್ಲೇ ಮಲ್ಲಿಗೆ ಮಾಲೆ, ಬಾಳೆ ಎಲೆ, ಕರಿಬೇವು. ಅಲ್ಲಿಗೆ ಹೋಗಿ ಬಂದ ದಿನ ನನಗೆ ಬೇರೆ ಏನೂ ಬೇಡ.

ಸರಿ, ಚಿಕ್ಕಮ್ಮನ ಟಾರ್ಟ್. ಇದನ್ನು ಇಲ್ಲಿ ಚೀನೀ ಹೊಸ ವರ್ಷಕ್ಕೆ ಮನೆ ಮನೆಯಲ್ಲಿ ಮಾಡುತ್ತಾರೆ, ಕೆಂಪು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಹಂಚುತ್ತಾರೆ. ಈದ್ ಹಬ್ಬಕ್ಕೂ ಮಾಡುತ್ತಾರೆ, ದೀಪಾವಳಿಗೆ ತಮಿಳರ ಮನೆಯಲ್ಲೂ ಇರುತ್ತದೆ. ನನಗೆ ಕಲಿಸಿದ್ದು ನಮ್ಮ ಎದುರು ಮನೆಯ ಆಂಟಿ. ಅವರು ಪೆರನಕನ್, ಅಂದರೆ ತುಂಬ ಹಿಂದೆ ಮಲಾಕ್ಕಾ ಕಡೆ ಬಂದು ಅಲ್ಲಿಯವರನ್ನೇ ಮದುವೆಯಾದ ಚೀನೀ ವ್ಯಾಪಾರಿಗಳ ವಂಶದವರು. ಅವರ ಅಡುಗೆಯಲ್ಲಿ ತೆಂಗಿನಕಾಯಿ, ಹುಣಸೆ, ಅರೆದ ಮಸಾಲೆ ಎಲ್ಲ ಉಂಟು. ಹಾಗಾಗಿ ಅವರಿಗೂ ನನಗೂ ಅಡುಗೆಮನೆಯಲ್ಲಿ ಬೇಗ ಹೊಂದಿಕೆ ಆಯಿತು.

ಶಾಲೆಗೆ ಇಲ್ಲಿ ಜೂನ್ ತಿಂಗಳ ರಜೆ. ಮಗ ಮನೆಯಲ್ಲೇ ಇದ್ದಾನೆ, ಅದಕ್ಕೆ ಹಬ್ಬ ಇಲ್ಲದಿದ್ದರೂ ಮಾಡಿದೆ.

ಚಿಕ್ಕಮ್ಮ, ಎರಡು ಮಧ್ಯಮ ಅನಾನಸ್ ತಗೊಳ್ಳಿ. ಪೂರ್ತಿ ಹಣ್ಣಾದದ್ದು ಒಂದು, ಸ್ವಲ್ಪ ಹುಳಿ ಇರುವುದು ಒಂದು. ಮಿಕ್ಸಿಗೆ ಹಾಕಬೇಡಿ, ತುರಿಯಿರಿ. ಮಿಕ್ಸಿಯಲ್ಲಿ ನಾರು ಎಲ್ಲ ಹೋಗಿ ಜಾಮ್ ಅಂಟಂಟಾಗುತ್ತದೆ, ಬಾಯಿಗೆ ಏನೂ ಸಿಗುವುದಿಲ್ಲ. ತುರಿದದ್ದನ್ನು ಜರಡಿಯಲ್ಲಿ ಇಟ್ಟು ರಸ ಇಳಿಸಿ, ಆ ರಸ ಮಕ್ಕಳಿಗೆ ಕುಡಿಯಲು ಕೊಡಿ. ತುರಿಗೆ ಒಂದು ತುಂಡು ಚಕ್ಕೆ, ಮೂರು ಲವಂಗ, ಒಂದು ಚಕ್ರಮೊಗ್ಗು ಹಾಕಿ ಒಲೆಯ ಮೇಲೆ ಇಡಿ. ನೀರು ಆರಿದ ಮೇಲೆ ಸಕ್ಕರೆ 200 ಗ್ರಾಂ. ಮೊದಲೇ ಸಕ್ಕರೆ ಹಾಕಿದರೆ ತಳ ಹಿಡಿಯುತ್ತದೆ. ಆಮೇಲೆ ಮಗುಚುವುದೇ ಕೆಲಸ, ಒಂದು ಗಂಟೆಗಿಂತ ಜಾಸ್ತಿಯೇ ಬೇಕು. ನಿಮ್ಮ ಕೈಗೆ ಅದು ಕಷ್ಟ ಅಲ್ಲ. ಕಾಶಿ ಹಲ್ವಕ್ಕೆ ತಳ ಬಿಡುವ ಹದ ನೋಡುತ್ತೀರಲ್ಲ, ಅದೇ ಹದ. ಹಳದಿ ಹೋಗಿ ಜೇನಿನ ಬಣ್ಣಕ್ಕೆ ಬರಬೇಕು. ಒಂದು ಚೂರು ತಟ್ಟೆಗೆ ಹಾಕಿ ಆರಿಸಿ ಉಂಡೆ ಕಟ್ಟಿ ನೋಡಿ, ನಿಂತರೆ ಆಯಿತು. ಈ ಹಂತದಲ್ಲಿ ಅವಸರ ಮಾಡಿದರೆ ಟಾರ್ಟ್ ಒಳಗಿಂದ ಒದ್ದೆಯಾಗುತ್ತದೆ, ಬೇಗ ಬೂಸ್ಟು ಬರುತ್ತದೆ. ಆರಿದ ಮೇಲೆ ಚಿಕ್ಕ ನೆಲ್ಲಿಕಾಯಿಯಷ್ಟು ಉಂಡೆ ಮಾಡಿ ಫ್ರಿಜ್ಜಿನಲ್ಲಿ ಇಡಿ.

ಹಿಟ್ಟಿಗೆ ಮೈದಾ 350 ಗ್ರಾಂ, ಕಾರ್ನ್‌ಫ್ಲೋರ್ 40 ಗ್ರಾಂ, ಉಪ್ಪಿಲ್ಲದ ಬೆಣ್ಣೆ 250 ಗ್ರಾಂ, ಪುಡಿ ಸಕ್ಕರೆ 50 ಗ್ರಾಂ, ಎರಡು ಮೊಟ್ಟೆಯ ಹಳದಿ, ಚಿಟಿಕೆ ಉಪ್ಪು. ತಣ್ಣಗಿನ ಬೆಣ್ಣೆಯನ್ನು ಹಿಟ್ಟಿಗೆ ಬೆರಳ ತುದಿಯಲ್ಲೇ ಉಜ್ಜಬೇಕು. ಚಪಾತಿಗೆ ನಾದುವ ಹಾಗೆ ನಾದಲೇಬಾರದು, ನಾದಿದರೆ ಗಟ್ಟಿ ಆಗುತ್ತದೆ. ಸುಮ್ನೆ ಒಟ್ಟು ಮಾಡಿ ಅರ್ಧ ಗಂಟೆ ಫ್ರಿಜ್ಜಿಗೆ. ಇಲ್ಲಿಯ ಸೆಕೆಯಲ್ಲಿ ಬೆಣ್ಣೆ ಕೈಯಲ್ಲೇ ಕರಗುತ್ತದೆ, ಮಂಗಳೂರಿನಲ್ಲೂ ಅಷ್ಟೇ ಅಲ್ವಾ. ಹಾಗಾಗಿ ಸ್ವಲ್ಪ ಸ್ವಲ್ಪವೇ ಹೊರಗೆ ತೆಗೆದು ಲಟ್ಟಿಸಿ. ಆಂಟಿಯ ಹತ್ತಿರ ಹೂವಿನ ಅಚ್ಚು ಉಂಟು, ನಡುವೆ ಗುಳಿ ಬೀಳುತ್ತದೆ. ಸುತ್ತ ಒಂದು ಪುಟ್ಟ ಚಿಮಟದಿಂದ ಚಿವುಟಿ ಚಿವುಟಿ ಅವರು ದಳ ಮೂಡಿಸುತ್ತಾರೆ, ಕಣ್ಣು ತೆಗೆಯದೆ ನೋಡುವ ಹಾಗಿರುತ್ತದೆ. ನಿಮ್ಮಲ್ಲಿ ಅಚ್ಚು ಇಲ್ಲದಿದ್ದರೆ ಮುಚ್ಚಳದಲ್ಲಿ ಗುಂಡಗೆ ಕತ್ತರಿಸಿ, ಬೆರಳಿನಿಂದ ನಡುವೆ ಒತ್ತಿ ಉಂಡೆ ಇಡಿ. ಅಂಚಿಗೆ ಮೊಟ್ಟೆಯ ಹಳದಿ ಸವರಿ 170 ಡಿಗ್ರಿಯಲ್ಲಿ ಸುಮಾರು 20 ನಿಮಿಷ. ಬಿಸಿ ಇರುವಾಗ ಮುಟ್ಟಬೇಡಿ, ಪುಡಿ ಆಗುತ್ತದೆ. ಮಾರನೇ ದಿನ ತಿಂದರೆ ರುಚಿ ಇನ್ನೂ ಜಾಸ್ತಿ.

ಮಗ ಉಂಡೆ ಇಡುವ ಕೆಲಸ ಪೂರ್ತಿ ತಾನೇ ಮಾಡಿದ. ಒಂದು ಡಬ್ಬಿ ತಗೊಂಡು ಎದುರು ಮನೆಗೆ ಹೋಗಿ ಕೊಟ್ಟು ಬಂದ. ಆಂಟಿ ಅಚ್ಚಿನ ಗುರುತು ನೋಡಿ, "ನನ್ನದಕ್ಕಿಂತ ಚಕ್ಕೆ ಜಾಸ್ತಿ ಹಾಕಿದ್ದಾಳೆ ನಿನ್ನ ಅಮ್ಮ, ಇದೇ ಚೆನ್ನಾಗಿದೆ" ಅಂತ ಹೇಳಿ ಕಳಿಸಿದರಂತೆ. ಆ ಮಾತು ನನಗೆ ದಿನವಿಡೀ ಸಾಕಾಯಿತು.

ಚಿಕ್ಕಮ್ಮ, ನಿಮ್ಮ ಓವನ್‌ನಲ್ಲಿ ಮೇಲಿನ ಕಾಯಿಲ್ ಜೋರು ಅಂತ ಹೇಳಿದ್ದಿರಿ, ಹಾಗಿದ್ದರೆ ತಟ್ಟೆಯನ್ನು ಕೆಳಗಿನ ಸಾಲಿನಲ್ಲಿ ಇಡಿ. ಅತ್ತಿಗೆ, ಮಾರ್ಕೆಟಿನಲ್ಲಿ ಸಿಗಡಿ ನೋಡಿದ ಕೂಡಲೇ ಫೋಟೋ ಕಳಿಸಿ, ಸರಿ ಉಂಟಾ ಇಲ್ಲವಾ ಹೇಳುತ್ತೇನೆ. ನಮ್ಮ ಗಂಟೆ ನಿಮಗಿಂತ ಎರಡೂವರೆ ಗಂಟೆ ಮುಂದೆ, ನೀವು ಬೆಳಿಗ್ಗೆ ಆರಕ್ಕೆ ಕಳಿಸಿದರೂ ನಾನು ಎದ್ದಿರುತ್ತೇನೆ. ಇಲ್ಲಿ ಈಗ ಮೋಡ ಕಟ್ಟಿದೆ, ಕಿಟಕಿಯ ಹೊರಗೆ ಬಿದಿರ ಕೋಲಿನಲ್ಲಿ ಬಟ್ಟೆ ಒಣಗಲು ಹಾಕಿದ್ದೇನೆ, ತೆಗೆಯಬೇಕು. ಇಡುತ್ತೇನೆ.